ಪರದೆ ಖಾಲಿ, ಪಾಸ್‌ವರ್ಡ್ ಮೇಲೆ

ಮಾನ್ಯ ಸಂಪಾದಕರೇ,

ಟರ್ಮಿನಲ್ (ಕಮಾಂಡುಗಳನ್ನು ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳುವ ಕಿಟಕಿ) ಬಳಕೆ ಕಲಿಸುವ ಬರಹಗಳಲ್ಲಿ 'ಪರದೆ ಒರೆಸಲು ಕಂಟ್ರೋಲ್ ಎಲ್ ಒತ್ತಿ, ಇಲ್ಲವೇ ಕ್ಲಿಯರ್ ಅಂತ ಟೈಪ್ ಮಾಡಿ, ಎರಡೂ ಒಂದೇ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದನ್ನು ನಂಬಿ ಹತ್ತು ಜನರ ಎದುರು ನನ್ನ ಮರ್ಯಾದೆ ಹೋಯಿತು.

ನನ್ನದು ಡೇಟಾಬೇಸ್ ನೋಡಿಕೊಳ್ಳುವ ಕೆಲಸ. ಹೋದ ತಿಂಗಳು ಹೊಸಬರಿಗೆ ಬ್ಯಾಕಪ್ ತೆಗೆಯುವುದನ್ನು ತೋರಿಸಬೇಕಿತ್ತು. ಮೀಟಿಂಗ್‌ಗೆ ಮುಂಚೆ ಆತುರದಲ್ಲಿ ಕಮಾಂಡ್ ಸಾಲಿನಲ್ಲೇ ಪಾಸ್‌ವರ್ಡ್ ಬರೆದು ಒಮ್ಮೆ ಓಡಿಸಿ ನೋಡಿದ್ದೆ. ತಪ್ಪು ಅಂತ ಗೊತ್ತು, ಬಯ್ಯಬೇಡಿ. ಆಮೇಲೆ ಕಂಟ್ರೋಲ್ ಎಲ್ ಒತ್ತಿದೆ. ಪರದೆ ಖಾಲಿ. ನಿಶ್ಚಿಂತೆಯಿಂದ ಸ್ಕ್ರೀನ್ ಶೇರ್ ಮಾಡಿದೆ. ಅರ್ಧ ಗಂಟೆ ಕಳೆದ ಮೇಲೆ ಯಾರೋ, ಆಗ ಬಂದ ಎರರ್ ಇನ್ನೊಮ್ಮೆ ತೋರಿಸಿ ಅಂದರು. ಮೌಸ್‌ನ ಚಕ್ರ ತಿರುಗಿಸಿದೆ. ಸ್ವಲ್ಪ ಜಾಸ್ತಿಯೇ ತಿರುಗಿತು. 'ಮೇಡಂ, ಸಾಕು, ಇನ್ನೂ ಮೇಲೆ ಹೋಗ್ಬೇಡಿ' ಎಂದು ಒಬ್ಬ ಹುಡುಗ ಮೆಲ್ಲಗೆ ಅಂದ. ಅಷ್ಟರಲ್ಲಿ ಎಲ್ಲರೂ ಓದಿ ಆಗಿತ್ತು.

ಆ ಸಂಜೆ ಪಾಸ್‌ವರ್ಡ್ ಬದಲಿಸಿ, ಕೂತು ಓದಿದೆ. 1978ರ ವಿಟಿ100 ಎಂಬ ಹಳೆಯ ಟರ್ಮಿನಲ್ ಯಂತ್ರದ ಪರದೆಯಲ್ಲಿ ಇದ್ದದ್ದೇ 24 ಸಾಲು. ಮೇಲಿಂದ ಜಾರಿದ ಸಾಲು ಹೋಯಿತು ಅಂದರೆ ಹೋಯಿತು. ಪರದೆ ಒರೆಸಿದರೆ ಅಲ್ಲಿಗೆ ಮುಗಿಯಿತು. ಈಗಿನ ಟರ್ಮಿನಲ್ ಕಿಟಕಿ ಜಾರಿದ ಸಾಲುಗಳನ್ನೆಲ್ಲ ಕೂಡಿಡುತ್ತದೆ. ಅದೇ ಸ್ಕ್ರೋಲ್‌ಬ್ಯಾಕ್. ಪರದೆ ಒರೆಸಲು ಒಂದು ಸಂಕೇತ, ಎಸ್ಕೇಪ್ ಆದಮೇಲೆ ಚೌಕ ಕಂಸ, 2, ಜೆ. ಕೂಡಿಟ್ಟದ್ದನ್ನು ಒರೆಸಲು 2ರ ಜಾಗದಲ್ಲಿ 3. ನನ್ನ ಕಂಟ್ರೋಲ್ ಎಲ್ ಮೊದಲನೆಯದನ್ನಷ್ಟೇ ಕಳಿಸಿತ್ತು. ನನ್ನ ಟರ್ಮಿನಲ್ ಪರದೆಯಲ್ಲಿದ್ದದ್ದನ್ನು ಅಳಿಸದೆ ಸುಮ್ನೆ ಮೇಲಕ್ಕೆ ತಳ್ಳಿತ್ತು.

ಲಿನಕ್ಸ್‌ನ ಈಗಿನ ಕ್ಲಿಯರ್ ಕಮಾಂಡ್, ಟರ್ಮಿನಲ್ ಒಪ್ಪಿದರೆ ಎರಡನ್ನೂ ಒರೆಸುತ್ತದೆ. ಇದು ಗೊತ್ತಿಲ್ಲದೆ, ಬೇಕಾಗಿದ್ದ ಎರರ್ ಅನ್ನೇ ಕಳೆದುಕೊಂಡವರೂ ಇದ್ದಾರೆ. ಹಳೆಯ ಸಾಲು ಉಳಿಯಬೇಕಾದರೆ ಕ್ಲಿಯರ್ ಪಕ್ಕ ಮೈನಸ್ ಎಕ್ಸ್ ಹಾಕಬೇಕು. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಕಮಾಂಡ್ ಕೆ ಒತ್ತಿದರೆ ಎರಡೂ ಹೋಗುತ್ತವೆ. ಒಂದೇ ಕಿಟಕಿಯಲ್ಲಿ ಹಲವು ಟರ್ಮಿನಲ್ ನಡೆಸುವ ಟಿಮಕ್ಸ್ ಒಳಗಿದ್ದರೆ ಕಥೆಯೇ ಬೇರೆ. ಅದು ತನ್ನದೇ ಪ್ರತಿ ಇಟ್ಟುಕೊಳ್ಳುತ್ತದೆ, ಅದಕ್ಕೆ ಕ್ಲಿಯರ್-ಹಿಸ್ಟರಿ ಅಂತ ಪ್ರತ್ಯೇಕವಾಗಿ ಹೇಳಬೇಕು.

ಇಷ್ಟೆಲ್ಲ ಮಾಡಿ ಮೇಲ್ಮುಖ ಬಾಣದ ಕೀಲಿ ಒತ್ತಿದೆ ನೋಡಿ, ಅದೇ ಸಾಲು, ಪಾಸ್‌ವರ್ಡ್ ಸಮೇತ! ಟೈಪ್ ಮಾಡಿದ ಕಮಾಂಡುಗಳನ್ನು ಶೆಲ್, ಅಂದರೆ ಅವನ್ನು ಓದಿ ನಡೆಸುವ ಪ್ರೋಗ್ರಾಂ, ಬೇರೆಯೇ ಕಡತದಲ್ಲಿ ಬರೆದಿಡುತ್ತದೆ, ಅದಕ್ಕೂ ಪರದೆಗೂ ಸಂಬಂಧವಿಲ್ಲ. ನನ್ನ ಶೆಲ್ ಬ್ಯಾಶ್, ಅದರಲ್ಲಿ ಹಿಸ್ಟರಿ ಮೈನಸ್ ಡಿ ಜೊತೆ ಆ ಸಾಲಿನ ನಂಬರ್ ಕೊಟ್ಟು ತೆಗೆದೆ.

ನಿಮ್ಮ ಕಂಪ್ಯೂಟರ್ ಅಂಕಣದವರು ಇನ್ನೊಮ್ಮೆ ಟರ್ಮಿನಲ್ ಬಗ್ಗೆ ಬರೆಯುವಾಗ ಪರದೆ, ಸ್ಕ್ರೋಲ್‌ಬ್ಯಾಕ್, ಶೆಲ್‌ನ ಹಿಸ್ಟರಿ ಎಂಬ ಈ ಮೂರು ಜಾಗಗಳನ್ನು ಬೇರೆ ಬೇರೆಯಾಗಿ ಹೇಳಲಿ. ನಾನಂತೂ ಈಗ ಶೇರ್ ಮಾಡುವ ಮೊದಲು ಮೌಸ್‌ನ ಚಕ್ರವನ್ನು ಒಮ್ಮೆ ಮೇಲಕ್ಕೆ ತಿರುಗಿಸಿ ನೋಡುತ್ತೇನೆ. ಆ ಹುಡುಗ ಹೊಸ ಕಿಟಕಿಯನ್ನೇ ತೆರೆಯುತ್ತಾನಂತೆ. ಅವನದೇ ಸುಲಭ, ಅಲ್ವಾ?

ಇಂತಿ,
ಒಬ್ಬ ಓದುಗಿ