75ನೇ ಪುಸ್ತಕ ಮುಗಿದ ದಿನ, ನಮ್ಮ ಬಳಗಕ್ಕೆ

ಮೊನ್ನೆ ಭಾನುವಾರ ನಮ್ಮ ಓದುಗರ ಬಳಗದಲ್ಲಿ 75ನೇ ಪುಸ್ತಕದ ಮಾತುಕತೆ ಮುಗಿಯಿತು. 2018ರ ಜೂನ್‌ನಲ್ಲಿ, ಹೊರಗೆ ಜಡಿಮಳೆ ಹೊಯ್ಯುತ್ತಿದ್ದಾಗ, ಶಿವಮೊಗ್ಗದ ನಮ್ಮ ಮನೆಯ ಜಗುಲಿಯಲ್ಲಿ ಐದು ಜನ ಸೇರಿ ಶುರು ಮಾಡಿದ್ದು. ಈಗ ಹದಿನಾಲ್ಕು ಜನ ಇದ್ದೇವೆ. ಮೊನ್ನೆ ಎಲ್ಲರೂ ಮಂಡಕ್ಕಿ ತಿಂದು, ಕಾಫಿ ಕುಡಿದು ಹೊರಟ ಮೇಲೆ ಒಬ್ಬಳೇ ಕೂತು ಹಳೇ ರಿಜಿಸ್ಟರ್ ತಿರುವಿ ಹಾಕಿದೆ. ನಿಮ್ಮ ಎದುರಿಗೆ ಹೇಳಬೇಕು ಅಂದುಕೊಂಡಿದ್ದ ಮಾತು ಗಂಟಲಲ್ಲೇ ಉಳಿದುಹೋಗಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಹೇಳಿದ್ದೀರಿ. ಹಾಗಾಗಿ ಬಳಗದಲ್ಲಿ ಕರೆಯುವ ಹಾಗೇ ಕರೆಯುತ್ತೇನೆ.

ಈ 75ರಲ್ಲಿ ನಾನಾಗಿ ನಾನು ಕೈಗೆತ್ತಿಕೊಳ್ಳುತ್ತಿದ್ದ ಪುಸ್ತಕ ಇಪ್ಪತ್ತೂ ಇರಲಾರದು. ಮಿಕ್ಕಿದ್ದೆಲ್ಲ ನೀವು ಕೊಟ್ಟಿದ್ದು. ನನ್ನ ಧನ್ಯವಾದ ಎಲ್ಲಕ್ಕಿಂತ ಮೊದಲು ಅದಕ್ಕೆ.

ಮೊದಲ ವರ್ಷ ನೆನಪಿದೆ ಅಲ್ವಾ? ಕೈ ಎತ್ತಿಸಿ ಪುಸ್ತಕ ಆರಿಸುತ್ತಿದ್ದೆವು. ನಾಲ್ಕು ಹೆಸರು ಬರುತ್ತಿತ್ತು, ಯಾವುದಕ್ಕೆ ಜಾಸ್ತಿ ಕೈ ಎದ್ದಿತೋ ಅದು. ವರ್ಷದ ಕೊನೆಗೆ ಬ್ಯಾಂಕ್ ಸರ್ ರಿಜಿಸ್ಟರ್ ತೆಗೆದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಮೆಲ್ಲಗೆ ಓದಿದರು. "ಒಟ್ಟು ಹನ್ನೊಂದು. ಕಾದಂಬರಿ ಹತ್ತು. ಹೆಂಗಸರು ಬರೆದದ್ದು ಒಂದು. 2000 ಇಸವಿ ಆದಮೇಲೆ ಬಂದದ್ದು ಇಲ್ಲ." ಯಾರೂ ಮಾತಾಡಲಿಲ್ಲ. ಕುವೆಂಪು, ಕಾರಂತ, ಭೈರಪ್ಪ, ಅನಂತಮೂರ್ತಿ, ಸುತ್ತಿ ಸುತ್ತಿ ಅಲ್ಲಿಗೇ ಬಂದಿದ್ದೆವು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಎಲ್ಲರೂ ತಮಗೆ ಇಷ್ಟವಾದದ್ದನ್ನೇ ತಂದಿದ್ದರು. ಆದರೆ ಕೈ ಎತ್ತಿಸಿದರೆ ಗೆಲ್ಲುವುದು ಎಲ್ಲರೂ ಮೊದಲೇ ಕೇಳಿರುವ ಹೆಸರು. ಒಬ್ಬರೇ ಓದಿರುವ ಪುಸ್ತಕಕ್ಕೆ ಒಂದೇ ಕೈ ಏಳುತ್ತದೆ.

ಆವತ್ತು ಬಳಗದ ಅತಿ ಚಿಕ್ಕವಳು, ಆಗಿನ್ನೂ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದ ನನ್ನ ಹಳೇ ವಿದ್ಯಾರ್ಥಿನಿ, "ಮಿಸ್, ನಮ್ಮ ಅಪ್ಪ ಅಮ್ಮ ಹುಟ್ಟೋಕೆ ಮುಂಚಿನ ಪುಸ್ತಕಾನೇ ಓದ್ತಾ ಇದ್ದೀವಲ್ಲ" ಅಂದಳು. ಅವಳು ಹಾಗೆ ಬಾಯಿಬಿಟ್ಟು ಹೇಳಿದ್ದಕ್ಕೆ ನಾನು ಋಣಿ. ಆ ಮಾತಿನಿಂದಲೇ ಹಾರ್ಲಿಕ್ಸ್ ಬಾಟಲಿ ಬಂತು.

ತೀರ್ಥಹಳ್ಳಿ ಅಕ್ಕ ಅಟ್ಟದಿಂದ ಹಳೇ ಗಾಜಿನ ಹಾರ್ಲಿಕ್ಸ್ ಬಾಟಲಿ ತಂದುಕೊಟ್ಟರು. ಅದರಲ್ಲಿ ಹತ್ತು ಚೀಟಿ ಹಾಕಿದೆವು. ಹಳೇ ಕಾದಂಬರಿ, ಹೊಸ ಕಾದಂಬರಿ, ಸಣ್ಣಕತೆ, ಆತ್ಮಕತೆ, ವಿಜ್ಞಾನ ಮತ್ತು ಪರಿಸರ, ಚರಿತ್ರೆ, ಪ್ರವಾಸ, ನಾಟಕ, ಪ್ರಬಂಧ, ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದದ್ದು. ಸರದಿ ಯಾರದ್ದೋ ಅವರು ಒಂದು ಚೀಟಿ ಎತ್ತಬೇಕು. ಬಗೆಯನ್ನು ಚೀಟಿ ಹೇಳುತ್ತದೆ, ಪುಸ್ತಕವನ್ನು ಅವರು ಹೇಳುತ್ತಾರೆ. "ನನಗೆ ಬೇಡ" ಅನ್ನುವ ಹಾಗಿಲ್ಲ. ಎತ್ತಿದ ಚೀಟಿ ವಾಪಸ್ ಹಾಕುವ ಹಾಗಿಲ್ಲ, ಹತ್ತೂ ಖಾಲಿಯಾದ ಮೇಲೇ ಬಾಟಲಿ ಮತ್ತೆ ತುಂಬುವುದು. ಒಂದೇ ಷರತ್ತು, ಆರಿಸುವವರು ಆ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿರಬೇಕು. ಆಮೇಲೆ ಇನ್ನೆರಡು ಸೇರಿದವು. ಒಬ್ಬ ಲೇಖಕರಿಗೆ ಎರಡು ವರ್ಷಕ್ಕೆ ಒಂದೇ ಸಲ. ಮುನ್ನೂರು ಪುಟ ದಾಟಿದರೆ ಎರಡು ತಿಂಗಳು.

ಮೊದಲ ಚೀಟಿ ಎತ್ತಿದ್ದು ಆ ಹುಡುಗಿಯೇ. ಹೊಸ ಕಾದಂಬರಿ ಬಂತು. ಅವಳು ಹೇಳಿದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದ್ದು. ಸಣ್ಣ ಪುಸ್ತಕ, ಒಂದೇ ಸಂಜೆಗೆ ಮುಗಿಯಿತು. ಮಾತು ಮಾತ್ರ ರಾತ್ರಿ ಒಂಬತ್ತಾದರೂ ಮುಗಿಯಲಿಲ್ಲ. ಮನೆಗೆ ದುಡ್ಡು ಬಂದ ಮೇಲೆ ಮನೆಯವರು ಒಬ್ಬರಿಗೊಬ್ಬರು ಏನಾಗುತ್ತಾರೆ ಅನ್ನುವುದರ ಮೇಲೆ ಮೆಡಿಕಲ್ ಅಣ್ಣ ಮತ್ತು ಬ್ಯಾಂಕ್ ಸರ್ ವಾದಕ್ಕೆ ಬಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಷ್ಟವಾಗಿದ್ದು ಕತೆಯಲ್ಲದ ಪುಸ್ತಕಗಳು. ಕಾದಂಬರಿಯಾದರೆ ಪಾತ್ರ ಹಿಡಿದು ಮಾತಾಡಬಹುದು. ಅವಳು ಹಾಗೆ ಮಾಡಬಾರದಿತ್ತು, ಇವನು ಹೀಗೆ ಯಾಕೆ ಮಾಡಿದ, ಅಂತ. ಚರಿತ್ರೆ ಪುಸ್ತಕ ಹಿಡಿದು ಏನು ಮಾತಾಡುವುದು? ಮೊದಲ ಸಲ ಅರ್ಧ ಜನ ಓದಿಕೊಂಡೇ ಬಂದಿರಲಿಲ್ಲ. ಓದಿದವರು ಪಾಠ ಒಪ್ಪಿಸಿದ ಹಾಗೆ ಸಾರಾಂಶ ಹೇಳಿದರು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು, ಆ ಸಂಜೆ ಕ್ಲಾಸಿನ ಹಾಗೇ ಇತ್ತು. ಕತೆಯಲ್ಲದ್ದು ಬೇಡವೇ ಬೇಡ, ತೆಗೆದುಬಿಡೋಣ ಅನ್ನುವ ಮಾತೂ ಬಂತು.

ಆಗ ತಡೆದವರು ಲೈಬ್ರರಿ ಮೇಡಂ. ವಿಜ್ಞಾನದ ಚೀಟಿ ಅವರ ಕೈಗೆ ಬಂದಿತ್ತು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದೋಣ ಅಂದರು. ಸಸ್ಯವಿಜ್ಞಾನದ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾ ಗಿಡಗಳ ವಿಷಯ ಹೇಳುವ ಪುಸ್ತಕ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದದ್ದು ಈ ಪುಸ್ತಕಕ್ಕೆ ಅಂದರೆ ನಮ್ಮಲ್ಲಿ ಕೆಲವರಿಗೆ ಆಶ್ಚರ್ಯ. ಗಿಡಗಳ ಪುಸ್ತಕಕ್ಕೂ ಬಹುಮಾನ ಕೊಡ್ತಾರಾ ಅಂತ. ಮೇಡಂ ಇನ್ನೊಂದು ಮಾತು ಹೇಳಿದರು. "ಬರುವಾಗ ನಿಮ್ಮ ಮನೆ ಹಿತ್ತಿಲಿಂದ ಒಂದು ಎಲೆ ತನ್ನಿ. ಅದರ ಬಗ್ಗೆ ನಿಮಗೆ ಗೊತ್ತಿರೋ ಒಂದು ವಿಷಯ ಹೇಳಿ. ಅಷ್ಟೇ ಸಾಕು."

ಆ ಭಾನುವಾರ ಜಗುಲಿ ಮೇಲೆ ಹಾಸಿದ್ದ ಹಳೇ ಪ್ರಜಾವಾಣಿ ಪೇಪರಿನ ಮೇಲೆ ಹನ್ನೊಂದು ಎಲೆ ಇತ್ತು. ಒಂದೆಲಗ, ದೊಡ್ಡಪತ್ರೆ, ಕೆಸುವಿನ ಎಲೆ, ವೀಳ್ಯದೆಲೆ, ಅಡಿಕೆ ಸೋಗೆಯ ಒಂದು ತುಂಡು. ಅಕ್ಕ ತಂದ ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಮುತ್ತಿನ ಹಾಗೆ ಉರುಳಾಡುತ್ತಿತ್ತು. ಪುಸ್ತಕ ಅರ್ಧ ಓದಿದವರೂ ಮಾತಾಡಿದರು, ಓದದವರೂ ಮಾತಾಡಿದರು. ಮುಂದಿನ ತಿಂಗಳ ಹೊತ್ತಿಗೆ ಓದದೆ ಬಿಟ್ಟವರೆಲ್ಲ ಓದಿ ಮುಗಿಸಿದ್ದರು. ಆವತ್ತಿಂದ ಕತೆಯಲ್ಲದ ಪುಸ್ತಕ ಬಂದಾಗಲೆಲ್ಲ ಅದಕ್ಕೆ ಸಂಬಂಧಪಟ್ಟ ಏನಾದರೊಂದನ್ನು ಮನೆಯಿಂದ ತರುವುದು ರೂಢಿಯಾಯಿತು. ಚರಿತ್ರೆಗೆ ಅಜ್ಜನ ಕಾಲದ ಕಂದಾಯದ ರಸೀದಿ, ಪ್ರವಾಸಕ್ಕೆ ಹಳೇ ಬಸ್ ಟಿಕೆಟ್. ಮೇಡಂ, ಆ ಒಂದು ಎಲೆಗೆ ನಿಮಗೆ ಎಷ್ಟು ಸಲ ಕೈಮುಗಿದರೂ ಕಡಿಮೆ.

ಲೈನ್‌ಮನ್ ತಮ್ಮನಿಗೆ ನಾನು ಬೇರೆಯಾಗಿಯೇ ಹೇಳಬೇಕು. ಎಂಟು ತಿಂಗಳು ಅವನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡು ಹೋಗುತ್ತಿದ್ದ, ಅಷ್ಟೇ. ಆತ್ಮಕತೆಯ ಚೀಟಿ ಎತ್ತಿದಾಗ ಸಿದ್ಧಲಿಂಗಯ್ಯನವರ 'ಊರುಕೇರಿ' ಅಂದ. ಅದರಲ್ಲಿ ಶುರುವಿಗೇ ಒಂದು ಚಿತ್ರ ಬರುತ್ತದೆ. ಇಬ್ಬರು ಗಂಡಸರು ಎತ್ತುಗಳ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಇನ್ನೊಬ್ಬ ಹಿಂದೆ ನಿಂತು ಉಳುತ್ತಿದ್ದಾನೆ. ನೋಡುತ್ತಾ ನಿಂತ ಹುಡುಗನಿಗೆ ಆ ಇಬ್ಬರಲ್ಲಿ ಒಬ್ಬ ಸ್ವಂತ ಅಪ್ಪ. ನಮ್ಮ ತಮ್ಮ ಆ ಪುಟವನ್ನು ನಿಂತುಕೊಂಡು ಓದಿದ. ಓದಿ ಪುಸ್ತಕ ಮುಚ್ಚಿ, ತನ್ನ ತಾತನ ವಿಷಯ ಹೇಳಿದ. ಏನು ಹೇಳಿದ ಅನ್ನುವುದು ಅವನದ್ದು, ನಾನು ಇಲ್ಲಿ ಬರೆಯುವುದಿಲ್ಲ. ಆ ದಿನ ಕಾಫಿ ಆರಿ ಹೋಗಿತ್ತು, ಯಾರೂ ಲೋಟ ಮುಟ್ಟಿರಲಿಲ್ಲ. ಕೈ ಎತ್ತಿಸುವ ಪದ್ಧತಿಯೇ ಇದ್ದಿದ್ದರೆ ಆ ಪುಸ್ತಕ ನಮ್ಮ ಜಗುಲಿಗೆ ಬರುತ್ತಿರಲಿಲ್ಲ, ಅವನ ಮಾತೂ ಬರುತ್ತಿರಲಿಲ್ಲ. ಈಗ ಬಳಗದಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುವವನು ಅವನೇ. ನನಗೆ ಅದು ಬಹಳ ಖುಷಿ.

ಹಾಸನದಿಂದ ವರ್ಗವಾಗಿ ಬಂದಿದ್ದ ನರ್ಸ್ ಅಕ್ಕ ಸಣ್ಣಕತೆಯ ಚೀಟಿಗೆ ತಮ್ಮೂರಿನ ಬಾನು ಮುಷ್ತಾಕ್ ಅವರ ಕತೆಗಳನ್ನು ತಂದಿದ್ದರು. ಅದು 2022ರಲ್ಲಿ. ನಮ್ಮಲ್ಲಿ ಮುಕ್ಕಾಲು ಜನ ಅವರನ್ನು ಅಲ್ಲಿಯವರೆಗೆ ಓದಿರಲಿಲ್ಲ. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿಯವರ ಅನುವಾದದಲ್ಲಿ ಆ ಕತೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಸುದ್ದಿ ಕೇಳಿದಾಗ ಬೆಳಗ್ಗೆ ಆರಕ್ಕೇ ಫೋನು ಶುರುವಾಯಿತು. ಪೇಟೆಯಲ್ಲಿ ಎಲ್ಲರೂ ಪುಸ್ತಕ ಹುಡುಕುತ್ತಿದ್ದರು, ನಮ್ಮ ಕಪಾಟಿನಲ್ಲಿ ಗೆರೆ ಎಳೆದು ಓದಿದ ಪ್ರತಿ ಇತ್ತು. ಅಕ್ಕ, ಆ ಪ್ರತಿಯ ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ. ಅದನ್ನು ಹಾಗೇ ಇಟ್ಟಿದ್ದೇವೆ.

ಕೊರೋನಾ ಕಾಲದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೆಲವು ತಿಂಗಳು ತಪ್ಪಿತು, ಕೆಲವು ತಿಂಗಳು ಫೋನಿನಲ್ಲೇ ನಡೆಯಿತು. ಸಣ್ಣಕತೆಗಳು ಆಗ ಕೈಹಿಡಿದವು.

ಇನ್ನು ನನ್ನ ಕಣ್ಣಿನ ವಿಷಯ. 2023ರ ಸೆಪ್ಟೆಂಬರ್‌ನಲ್ಲಿ ಬಲಗಣ್ಣಿನ ಒಂದು ಬದಿಯಿಂದ ಕಪ್ಪು ಪರದೆ ಇಳಿದ ಹಾಗಾಯಿತು. ಕಣ್ಣಿನ ಒಳಪದರ, ರೆಟಿನಾ, ಕಿತ್ತುಕೊಂಡಿತ್ತು. ತಕ್ಷಣ ಆಪರೇಷನ್ ಆಯಿತು. ಕಣ್ಣೊಳಗೆ ಗ್ಯಾಸ್ ತುಂಬಿರುತ್ತಾರೆ, ಆ ಗುಳ್ಳೆ ಪದರವನ್ನು ಒತ್ತಿ ಹಿಡಿಯಬೇಕು. ಅದಕ್ಕೆ ಹತ್ತು ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕಾಯಿತು. ಊಟ, ನಿದ್ದೆ, ಎಲ್ಲ ಹಾಗೇ. ಓದು ಎರಡು ತಿಂಗಳು ಪೂರ್ತಿ ಬಂದ್. ಏಳನೇ ವಯಸ್ಸಿನಿಂದ ದಿನಾ ಓದುತ್ತಿದ್ದವಳಿಗೆ ಅದು ಹೇಗಿತ್ತು ಅಂತ ಹೇಳಲು ಬರುವುದಿಲ್ಲ. ನೆಲದ ಕಡಪಾ ಕಲ್ಲಿನ ಗೀರು ಎಣಿಸುತ್ತಾ ಮಲಗಿರುತ್ತಿದ್ದೆ.

ಆ ತಿಂಗಳ ಚೀಟಿ ಹಳೇ ಕಾದಂಬರಿ, ಸರದಿ ತೀರ್ಥಹಳ್ಳಿ ಅಕ್ಕನದು. ಅವರು ವರ್ಷಗಳಿಂದ ಕಾಯುತ್ತಿದ್ದ ಪುಸ್ತಕ, ಕುವೆಂಪು ಅವರ 1967ರ 'ಮಲೆಗಳಲ್ಲಿ ಮದುಮಗಳು'. ನನ್ನಿಂದಾಗಿ ಮುಂದಕ್ಕೆ ಹಾಕೋಣ ಅಂತ ಯಾರೋ ಅಂದರಂತೆ. ಅಕ್ಕ, "ಅವಳಿಗೆ ನಾವು ಓದಿ ಹೇಳಿದ್ರಾಯ್ತು" ಅಂದರಂತೆ. ಮಾರನೇ ದಿನ ಬೆಳಗ್ಗೆ ನನ್ನ ಫೋನಿಗೆ ಮೊದಲ ಧ್ವನಿ ಬಂತು.

ಹಂಚಿಕೊಂಡು ಓದಿ ಕಳಿಸಿದಿರಿ. ಬ್ಯಾಂಕ್ ಸರ್ ಪ್ರತಿ ಸಲ ಪುಟದ ನಂಬರ್ ಹೇಳಿಯೇ ಶುರು ಮಾಡುತ್ತಿದ್ದರು. ಹುಡುಗಿ ಓದುವಾಗ ಹಿಂದೆ ಕುಕ್ಕರ್ ಕೂಗುತ್ತಿತ್ತು. ಅಕ್ಕ ಓದುತ್ತಾ ಓದುತ್ತಾ ನಿಲ್ಲಿಸಿ, ಕಂಬಳಿಕೊಪ್ಪೆ ಅಂದರೆ ಹೇಗೆ ಮಡಿಚಿ ತಲೆ ಮೇಲೆ ಹಾಕಿಕೊಳ್ಳುವುದು, ಅವರಪ್ಪ ಗದ್ದೆಗೆ ಹೋಗುವಾಗ ಹೇಗೆ ಹಾಕಿಕೊಳ್ಳುತ್ತಿದ್ದರು, ಎಲ್ಲ ಹೇಳಿ ಮತ್ತೆ ಓದುತ್ತಿದ್ದರು. ಈ ಕಾದಂಬರಿಯನ್ನು ನಾನು ಮೊದಲೂ ಓದಿದ್ದೆ. ಆದರೆ ಗುತ್ತಿ ಮತ್ತು 'ಹುಲಿಯ' ಅನ್ನುವ ಅವನ ನಾಯಿ ಕಾಡಿನಲ್ಲಿ ನಡೆಯುವ ಸದ್ದು ನನಗೆ ಕೇಳಿಸಿದ್ದು ಆಗಲೇ.

ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುವ ಭಾಗ ಮೆಡಿಕಲ್ ಅಣ್ಣನ ಪಾಲಿಗೆ ಬಂದಿತ್ತು. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಓದುತ್ತಿದ್ದರು. ಮಧ್ಯದಲ್ಲಿ ಧ್ವನಿ ನಿಂತುಹೋಯಿತು. ಎಲ್ಲೋ ಪಕ್ಕದ ಅಂಗಡಿಯ ಷಟರ್ ಎಳೆದ ಸದ್ದು, ಒಂದು ಆಟೋ ಹೋದ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡು ಮುಂದಿನ ಸಾಲು ಓದಿದರು. ಅದೇ ತುಂಗೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ಮುಖ ಕೆಳಗೆ ಮಾಡಿ ಮಲಗಿದ್ದೆ, ಅಳಬಾರದು ಅಂತ ಡಾಕ್ಟರು ಹೇಳಿರಲಿಲ್ಲ, ಅತ್ತೆ. ಅಣ್ಣ, ಆ ಒಂದು ತುಣುಕನ್ನು ನಾನು ಇವತ್ತಿಗೂ ಅಳಿಸಿಲ್ಲ.

ಒಟ್ಟು 212 ತುಣುಕುಗಳಾದವು. ಎಣಿಸಿದ್ದು ಬ್ಯಾಂಕ್ ಸರ್. ಕಣ್ಣು ಈಗ ಚೆನ್ನಾಗಿದೆ. ದೊಡ್ಡ ಅಕ್ಷರದ ಕನ್ನಡಕ ಬಂದಿದೆ, ದಿನಕ್ಕೆ ಐವತ್ತು ಪುಟ ಓದುತ್ತೇನೆ.

ಇನ್ನೂ ಕೆಲವರಿಗೆ ಹೇಳಬೇಕು. ಪುಸ್ತಕದಂಗಡಿಯ ಅಣ್ಣನಿಗೆ. ಕನ್ನಡ ಪುಸ್ತಕ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ, ಮುಗಿದರೆ ಮುಗಿಯಿತು. ಒಂದೇ ಪುಸ್ತಕದ ಆರು ಪ್ರತಿ ಹೊಂದಿಸುವುದು ಸುಮ್ನೆ ಮಾತಲ್ಲ. ಅದಕ್ಕೇ ಮೂರು ತಿಂಗಳು ಮುಂಚೆ ಚೀಟಿ ಎತ್ತುವ ಪದ್ಧತಿ ಮಾಡಿದ್ದು. ನೀವು ಬೆಂಗಳೂರು, ಧಾರವಾಡಕ್ಕೆಲ್ಲ ಫೋನ್ ಮಾಡಿ, ಬಸ್ ಪಾರ್ಸೆಲ್‌ನಲ್ಲಿ ತರಿಸಿಕೊಟ್ಟಿರಿ. ಅಂಗಡಿಯಲ್ಲಿಲ್ಲದ ಒಂದು ನಾಟಕಕ್ಕಾಗಿ ನೀವೇ ಬಸ್ ಹತ್ತಿ ಹೆಗ್ಗೋಡಿಗೆ ಹೋಗಿ ಬಂದಿರಿ. ತಮ್ಮ ಪ್ರತಿಯನ್ನು ಕೊಟ್ಟು, ವಾಪಸ್ ಬಂದಾಗ ಮಡಿಚಿದ ಮೂಲೆಗಳನ್ನು ನೋಡಿಯೂ ಸುಮ್ಮನಿದ್ದ ಎಲ್ಲರಿಗೂ. ನಮ್ಮ ಮನೆಯವರಿಗೆ, ತಾವು ಓದದಿದ್ದರೂ ಏಳು ವರ್ಷ ಕಾಫಿ ಮಾಡಿಕೊಟ್ಟಿದ್ದಕ್ಕೆ.

ನನಗೆ ಇಷ್ಟವಾಗದ ಪುಸ್ತಕಗಳೂ ಇದ್ದವು. ಮೂರನ್ನು ಮುಗಿಸಲು ಆಗಲಿಲ್ಲ. ಆದರೂ ಅವನ್ನು ತಂದವರು ಯಾಕೆ ತಂದರು ಅಂತ ಕೇಳಿದ ಮೇಲೆ, ಆ ವ್ಯಕ್ತಿ ನನಗೆ ಇನ್ನಷ್ಟು ಹತ್ತಿರವಾದರು. ಬೇಸರ ಒಂದೇ, ಕವನ ಸಂಕಲನಕ್ಕೆ ಇಷ್ಟು ವರ್ಷ ಚೀಟಿಯೇ ಇರಲಿಲ್ಲ. ಮೊನ್ನೆ ಲೈನ್‌ಮನ್ ತಮ್ಮ ಹನ್ನೊಂದನೇ ಚೀಟಿ ಬರೆದು ಬಾಟಲಿಗೆ ಹಾಕಿದ.

ಬ್ಯಾಂಕ್ ಸರ್ ಲೆಕ್ಕದ ಪ್ರಕಾರ ಮೊದಲ ವರ್ಷದ್ದು ಬಿಟ್ಟು ಮಿಕ್ಕ 64ರಲ್ಲಿ 27 ಹೆಂಗಸರು ಬರೆದದ್ದು, 30 ಕತೆಯಲ್ಲದ್ದು. ಓದಿ ಹೇಳಿದಾಗ ಅವರ ದನಿಯಲ್ಲಿದ್ದ ಹೆಮ್ಮೆ ನಮ್ಮೆಲ್ಲರದ್ದೂ ಹೌದು.

ಮುಂದಿನ ಸರದಿ ನನ್ನದು. ಚೀಟಿ ಎತ್ತಿ ಆಗಿದೆ, ಪ್ರವಾಸ ಬಂದಿದೆ. ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದೋಣ. ಪ್ರತಿಗಳು ಅಂಗಡಿಯಲ್ಲಿವೆ, ಬಳಗದ ಹೆಸರು ಹೇಳಿ ತಗೊಳ್ಳಿ. ಎರಡನೇ ಭಾನುವಾರ, ಸಂಜೆ ನಾಲ್ಕಕ್ಕೆ, ನಮ್ಮ ಜಗುಲಿ. ಬರುವಾಗ ನೀವು ಹೋಗಿ ಬಂದ ಯಾವುದಾದರೂ ದೂರದ ಊರಿನಿಂದ ಒಂದು ಸಣ್ಣ ವಸ್ತು ತನ್ನಿ.