ದೋಣಿ ಟ್ರೇಲರ್: ಅಲ್ಯೂಮಿನಿಯಂ ಎಂದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಜಲಕ್ರೀಡೆಯೂ ನಿಲ್ಲುತ್ತದೆ. ಹಾಗಾಗಿ ಮೇ ತಿಂಗಳು ಬಂತೆಂದರೆ ಕರಾವಳಿಯಲ್ಲಿ ಸಣ್ಣ ಫೈಬರ್ ದೋಣಿಗಳನ್ನು ದಡಕ್ಕೆಳೆದು ಸಾಗಿಸುವ ಗಡಿಬಿಡಿ ಶುರು. ಹೊಸ ಟ್ರೇಲರ್ ಕೊಳ್ಳುವ ಅನೇಕರು ‘ಅಲ್ಯೂಮಿನಿಯಂದೇ ತಾನೆ?’ ಎಂದಷ್ಟೇ ಕೇಳಿ ದುಡ್ಡು ಕೊಟ್ಟುಬಿಡುತ್ತಾರೆ. ಉಪ್ಪುನೀರಿಗೆ ಅಲ್ಯೂಮಿನಿಯಂ ಒಳ್ಳೆಯದು, ಅನುಮಾನವಿಲ್ಲ. ಆದರೆ ಟ್ರೇಲರ್ ಕೈಕೊಡುವುದು ಹೆಚ್ಚಾಗಿ ಬೋಲ್ಟು, ಬೇರಿಂಗ್, ಆಕ್ಸಲ್‌ಗಳಲ್ಲಿ. ಅವುಗಳತ್ತ ಯಾರೂ ಬಗ್ಗಿ ನೋಡುವುದಿಲ್ಲ.

ಮೊದಲು ತೂಕದ ಲೆಕ್ಕ ಹಾಕಿ. 16 ಅಡಿಯ ಫೈಬರ್ ದೋಣಿ 350 ಕಿಲೋ ಎಂದಿಟ್ಟುಕೊಳ್ಳಿ. 40 ಎಚ್‌ಪಿಯ ಫೋರ್‌ಸ್ಟ್ರೋಕ್ ಎಂಜಿನ್ನಿಗೆ ಸುಮಾರು 100 ಕಿಲೋ, 50 ಲೀಟರ್ ಪೆಟ್ರೋಲಿಗೆ 37, ಲಂಗರು, ಹಗ್ಗ, ಬ್ಯಾಟರಿ, ಲೈಫ್ ಜಾಕೆಟ್‌ಗಳಿಗೆ 60–65 ಸೇರಿಸಿ. ಅಲ್ಲಿಗೆ 550 ಆಯಿತು. ಟ್ರೇಲರ್‌ನ ಸ್ವಂತ ತೂಕ 180 ಎಂದರೆ ಒಟ್ಟು 730. ಇದರ ಮೇಲೆ ಶೇ 20ರಷ್ಟು ಬಿಡುವು ಇಟ್ಟುಕೊಂಡರೆ 900 ಕಿಲೋ ತಡೆಯುವ ಟ್ರೇಲರ್ ಬೇಕು. ಬರೀ ದೋಣಿಯ ತೂಕ ಹೇಳಿ ಟ್ರೇಲರ್ ಕೊಂಡವರು ಎಡವುವುದು ಇಲ್ಲೇ. ಆಕ್ಸಲ್, ಟೈರು, ಮುಂದಿನ ಕೊಂಡಿ, ಈ ಮೂರರಲ್ಲಿ ಯಾವುದು ಕಡಿಮೆ ತಡೆಯುತ್ತದೋ ಅದೇ ಆ ಟ್ರೇಲರ್‌ನ ನಿಜವಾದ ತಾಕತ್ತು. ಎಳೆಯುವ ವಾಹನಕ್ಕೆ ಅಷ್ಟು ಭಾರ ಎಳೆಯಲು ಅನುಮತಿ ಇದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಇನ್ನು ಚೌಕಟ್ಟು. ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗ. ಬಾಗದೆ ನಿಲ್ಲುವ ಬಿಗಿಯೂ ಹೆಚ್ಚುಕಡಿಮೆ ಮೂರನೇ ಒಂದು ಭಾಗವೇ. ಆದ್ದರಿಂದ ತೊಲೆ ಉಕ್ಕಿನದಕ್ಕಿಂತ ಎತ್ತರವಾಗಿರಬೇಕು. ಉಕ್ಕಿನ ಅಳತೆಯಲ್ಲೇ ಅಲ್ಯೂಮಿನಿಯಂ ತೊಲೆ ಹಾಕಿದ ಟ್ರೇಲರ್ ಹೊಂಡ ಗುಂಡಿಯಲ್ಲಿ ತೊನೆಯುತ್ತದೆ. ಸಾಮಾನ್ಯವಾಗಿ ಬಳಸುವ 6061-ಟಿ6 ಮಿಶ್ರಲೋಹಕ್ಕೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಅಕ್ಕಪಕ್ಕ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಅಡ್ಡತೊಲೆಗಳನ್ನು ಬೋಲ್ಟು, ಯು-ಬೋಲ್ಟುಗಳಿಂದ ಬಿಗಿದ ಚೌಕಟ್ಟೇ ಮೇಲು. ಬಿರುಕು ಕಾಣಿಸುವುದು ಬೆಸುಗೆಯ ಮೇಲಲ್ಲ, ಅದರ ಅಂಚಿಗೆ ಹತ್ತಿಕೊಂಡು, ಕೂದಲೆಳೆಯಷ್ಟು ಸಣ್ಣಗೆ. ಆ ಗೆರೆಯಿಂದ ಕಪ್ಪು ಪುಡಿ ಹೊರಬಂದಿದ್ದರೆ ಒಳಗೆ ಲೋಹ ಲೋಹಕ್ಕೆ ಉಜ್ಜುತ್ತಿದೆ ಎಂದೇ ಅರ್ಥ. ಅಂಥ ಟ್ರೇಲರನ್ನು ರಸ್ತೆಗೆ ಇಳಿಸಲೇಬಾರದು.

ಮುಚ್ಚಿದ ಪೈಪಿಗಿಂತ ತೆರೆದ ಐ ಅಥವಾ ಸಿ ಆಕಾರದ ತೊಲೆ ಒಳ್ಳೆಯದು. ಪೈಪಿನೊಳಗೆ ಹೊಕ್ಕ ಮರಳು, ಉಪ್ಪು ತೊಳೆದರೂ ಹೋಗುವುದಿಲ್ಲ.

ಬೋಲ್ಟುಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದ್ದರೆ ಬ್ಯಾಟರಿಯಂತೆ ಕೆಲಸ ಮಾಡುತ್ತವೆ. ಆಗ ಸವೆಯುವುದು ಅಲ್ಯೂಮಿನಿಯಂ. ಸ್ಟೇನ್‌ಲೆಸ್ ಬೋಲ್ಟು ಹೊಳೆಯುತ್ತಲೇ ಇರುತ್ತದೆ, ಅದರ ಸುತ್ತ ಬಿಳಿ ಪುಡಿ ಉಬ್ಬಿ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಪ್ರತಿ ಸ್ಟೇನ್‌ಲೆಸ್ ಬೋಲ್ಟಿನಡಿ ನೈಲಾನ್ ವಾಷರ್ ಇರಲಿ. ಇಲ್ಲವೇ ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಗ್ಯಾಲ್ವನೈಸ್ಡ್ ಬೋಲ್ಟು ಹಾಕಿಸಿ. ಬರೀ ಕಬ್ಬಿಣ, ಹಿತ್ತಾಳೆ, ತಾಮ್ರ ಯಾವುದೂ ಬೇಡ. ದೋಣಿಗೆ ಆಸರೆ ಕೊಡುವ ಮರದ ಹಲಗೆಗೆ ಗೆದ್ದಲು ಹಿಡಿಯದಿರಲಿ ಎಂದು ತಾಮ್ರದ ಅಂಶವಿರುವ ಔಷಧಿ ಹಾಕಿಸುವುದುಂಟು. ಅದೂ ಅಲ್ಯೂಮಿನಿಯಂ ತಿನ್ನುತ್ತದೆ. ನಡುವೆ ರಬ್ಬರ್ ಪಟ್ಟಿ ಕೂರಿಸಿ.

ಅಲ್ಯೂಮಿನಿಯಂ ಟ್ರೇಲರ್ ಎಂದರೂ ಆಕ್ಸಲ್, ಸ್ಪ್ರಿಂಗು ಸಾಮಾನ್ಯವಾಗಿ ಉಕ್ಕಿನವೇ. ಬೆಳ್ಳಿ ಬಣ್ಣ ಬಳಿದು ಗ್ಯಾಲ್ವನೈಸ್ ಎಂದು ಮಾರುವವರಿದ್ದಾರೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಚಾಕುವಿನ ತುದಿಯಿಂದ ಗೀರಿ ನೋಡಿ: ಬಣ್ಣವಾದರೆ ಸಿಪ್ಪೆಯಂತೆ ಏಳುತ್ತದೆ, ಸತುವಾದರೆ ಹೊಳೆಯುವ ಗೆರೆ ಮಾತ್ರ ಮೂಡುತ್ತದೆ.

ದಾರಿಯಲ್ಲಿ ಚಕ್ರ ಕಳಚಿ ನಿಂತ ಟ್ರೇಲರ್‌ಗಳ ಕಥೆ ಬಹುಪಾಲು ಬೇರಿಂಗ್‌ನದ್ದು. ಓಡಿ ಬಂದ ಚಕ್ರದ ಹಬ್ (ಬೇರಿಂಗ್ ಕೂರುವ ನಡುಭಾಗ) ಬಿಸಿಯಾಗಿರುತ್ತದೆ. ಹಾಗೇ ನೀರಿಗಿಳಿಸಿದರೆ ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗಿ, ಸೀಲಿನ ಸಂದಿಯಿಂದ ಉಪ್ಪುನೀರನ್ನು ಒಳಗೆಳೆದುಕೊಳ್ಳುತ್ತದೆ. ಹಬ್ ಕೈಗೆ ತಣ್ಣಗಾಗುವವರೆಗೆ ಕಾಯಿರಿ. ಗ್ರೀಸು ನೀರಿಗೆ ಕರಗದ ಮೆರೈನ್ ಗ್ರೀಸೇ ಆಗಿರಲಿ. ಬಿಚ್ಚಿದಾಗ ಗ್ರೀಸು ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಸೀಲು ಬದಲಿಸದೆ ಗ್ರೀಸು ಮಾತ್ರ ತುಂಬಿದರೆ ಏನೂ ಪ್ರಯೋಜನವಿಲ್ಲ.

ದೋಣಿಯನ್ನು ಎಲ್ಲಿ ಕೂರಿಸುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಎಂಜಿನ್ ತೂಗುವ ಹಿಂಬದಿಯ ಅಂಚಿನವರೆಗೂ ಹಲಗೆಯ ಆಸರೆ ಇರಲೇಬೇಕು. ಒಂದಡಿ ಹೊರಗೆ ಚಾಚಿಕೊಂಡರೂ ತಳ ಕ್ರಮೇಣ ಬಾಗಿ, ನೀರಿನಲ್ಲಿ ದೋಣಿಯ ಓಟವೇ ಕೆಡುತ್ತದೆ. ಕೊಂಡಿಯ ಮೇಲೆ ಒಟ್ಟು ತೂಕದ ಶೇ 5ರಿಂದ 10ರಷ್ಟು ಬೀಳಬೇಕು. ಮೇಲಿನ ಲೆಕ್ಕದಲ್ಲಿ 37ರಿಂದ 73 ಕಿಲೋ. ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು, ಅದರ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಎಳೆಯುವ ಎತ್ತರದಲ್ಲಿ ಕೊಂಡಿಯನ್ನು ಇಟ್ಟು ನೋಡಿ. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸುತ್ತದೆ. ದೋಣಿಯನ್ನು ಟ್ರೇಲರ್ ಮೇಲಕ್ಕೆಳೆಯುವ ವಿಂಚಿನ ಕಂಬವನ್ನೋ ಆಕ್ಸಲನ್ನೋ ಸರಿಸಿ ಇದನ್ನು ಹೊಂದಿಸಬಹುದು. ಬೋಲ್ಟು ಹಾಕಿದ ಚೌಕಟ್ಟಿನಲ್ಲಿ ಇದು ಸುಲಭ.

ದೀಪಗಳಿಗೆ ಚೌಕಟ್ಟನ್ನೇ ಅರ್ಥ್ ಮಾಡಬೇಡಿ. ಅಲ್ಯೂಮಿನಿಯಂ ಜೋಡಣೆಗಳಲ್ಲಿ ಆಕ್ಸೈಡ್ ಪದರ ಕಟ್ಟಿ ಕರೆಂಟ್ ತಡೆಯುತ್ತದೆ. ಪ್ರತಿ ದೀಪಕ್ಕೂ ಬೇರೆ ಅರ್ಥ್ ತಂತಿ ಎಳೆಸಿ.

ಒಳನಾಡಿನ ನದಿ, ಜಲಾಶಯಗಳಿಗೆ ರಕ್ಷಣಾ ದೋಣಿ ಒಯ್ಯುವ ತಂಡಗಳಿಗೆ ನಮ್ಮ ಸಲಹೆ ಬೇರೆ. ಸಿಹಿನೀರಿಗೆ ಗ್ಯಾಲ್ವನೈಸ್ಡ್ ಉಕ್ಕು ಸಾಕು. ಬೆಲೆಯೂ ಕಡಿಮೆ, ಮುರಿದರೆ ಯಾವ ಊರಿನಲ್ಲಾದರೂ ವೆಲ್ಡಿಂಗ್ ಸಿಗುತ್ತದೆ. ಅಲ್ಯೂಮಿನಿಯಂ ಬೆಸೆಯಲು ಗ್ಯಾಸ್ ಸಹಿತ ಯಂತ್ರವೂ ಪಳಗಿದ ಕೈಯೂ ಬೇಕು. ಟೆಂಡರ್‌ನಲ್ಲಿ ‘ಅಲ್ಯೂಮಿನಿಯಂ ಟ್ರೇಲರ್, ಒಂದು’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು ಇಲಾಖೆಗಳು, ಪಂಚಾಯಿತಿಗಳು ಒಟ್ಟು ತೂಕ, ಆಕ್ಸಲ್ ಲೇಪನ, ಬೋಲ್ಟಿನ ಬಗೆಯನ್ನು ಸ್ಪಷ್ಟವಾಗಿ ನಮೂದಿಸಲಿ. ಮೋಟಾರು ವಾಹನ ಕಾಯ್ದೆ 1988ರ 61ನೇ ಸೆಕ್ಷನ್ ಪ್ರಕಾರ ಟ್ರೇಲರ್‌ಗೂ ನೋಂದಣಿ ಬೇಕು. ಆರ್‌ಟಿಒ ನೋಂದಣಿಗೆ ಬೇಕಾದ ಕಾಗದಪತ್ರ ಕೊಡದವರಿಂದ ಕೊಳ್ಳಬೇಡಿ.

ಮಳೆಗಾಲಕ್ಕೆ ನಿಲ್ಲಿಸುವಾಗ ಸಿಹಿನೀರಿನಿಂದ ತೊಳೆದು, ಆಕ್ಸಲಿನಡಿ ಜಾಕ್ ಕೊಟ್ಟು ಟೈರಿನ ಭಾರ ಇಳಿಸಿ, ಮೂತಿ ಎತ್ತರಕ್ಕಿರುವಂತೆ ನಿಲ್ಲಿಸಿ. ದೋಣಿಯೊಳಗೆ 4 ಮೀಟರ್ ಉದ್ದ, 1.3 ಮೀಟರ್ ಅಗಲಕ್ಕೆ 20 ಸೆಂಟಿಮೀಟರ್ ಮಳೆನೀರು ನಿಂತರೆ ಒಂದು ಟನ್ ದಾಟುತ್ತದೆ. 900 ಕಿಲೋದ ಟ್ರೇಲರ್ ನಿಂತಲ್ಲೇ ಬಾಗುತ್ತದೆ. ತಳದ ನೀರುಬಿಡುವ ಬಿರಡೆ ಬಿಚ್ಚಿ, ಕಳೆದುಹೋಗದಂತೆ ವಿಂಚಿನ ಕಂಬಕ್ಕೇ ಕಟ್ಟಿಡಿ.

— ದೋಣಿ ಹಾಗೂ ಟ್ರೇಲರ್ ದುರಸ್ತಿ ಕೆಲಸದವರು, ಮಲ್ಪೆ