ಹೆಸರು ಬೇಡ ಅಂದ ಗೆಳತಿಗೆ, ಜೊತೆಗಿದ್ದ ಎಲ್ಲರಿಗೂ

ನಮ್ಮ ಗುಂಪು ಕೈಗೆತ್ತಿಕೊಂಡಿದ್ದ ಹಳೆಯ ಕನ್ನಡ ಫೈಲುಗಳ ಮೊದಲ ಕಂತು ಪೂರ್ತಿಯಾಗಿ, ಎಲ್ಲ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬಂದಿದೆ. ಕಥೆ, ಪ್ರಬಂಧ, ಜಾತ್ರೆಯ ಸ್ಮರಣ ಸಂಚಿಕೆ, ಹೆಂಗಸರು ಹಾಡುತ್ತಿದ್ದ ಬೀಸುವ ಪದಗಳ ಸಂಗ್ರಹ, ಹೀಗೆ ಏನೇನೋ ಇದೆ ಅದರಲ್ಲಿ. ಇವೆಲ್ಲ ಸಿಡಿಗಳಲ್ಲಿ, ಹಳೆ ಹಾರ್ಡ್ ಡಿಸ್ಕ್‌ಗಳಲ್ಲಿ ಸುಮ್ನೆ ಕೂತಿದ್ದವು. ಈಗ ಫೋನಿನಲ್ಲಿ ಓದಬಹುದು, ಹುಡುಕಬಹುದು. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳಬಹುದು.

ಇಷ್ಟು ಆಗಿದ್ದಕ್ಕೆ ಮುಖ್ಯ ಕಾರಣ ಒಬ್ಬ ಡೆವಲಪರ್. ಹಗಲು ಬೆಂಗಳೂರಿನಲ್ಲಿ ಕಂಪನಿ ಕೆಲಸ. ರಾತ್ರಿ, ಭಾನುವಾರ ನಮ್ಮ ಕೆಲಸ. ಹಲವು ತಿಂಗಳು ಹೀಗೇ ನಡೆಯಿತು, ಒಂದು ರೂಪಾಯಿ ತೆಗೆದುಕೊಳ್ಳದೆ. ಬರೆಯುವಾಗ ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಕುತ್ತಿಲ್ಲ. ಆದರೆ ಅವರು ಮಾಡಿದ್ದೇನು ಅಂತ ವಿವರವಾಗಿ ಹೇಳದೆ ಇರಲು ನನಗೆ ಆಗುವುದಿಲ್ಲ. ಬ್ಯಾಕೆಂಡ್, ಅಂದರೆ ತೆರೆಯ ಹಿಂದಿನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ನಮ್ಮ ವೆಬ್ ಪುಟ ಚೆನ್ನಾಗಿದೆ ಅಂದವರು ಅಕ್ಷರದ ಅಂದ ಹೊಗಳಿದರು, ಮುಖಪುಟದ ಚಿತ್ರ ಹೊಗಳಿದರು. ಆ ಅಕ್ಷರ ತಪ್ಪಿಲ್ಲದೆ ಅಲ್ಲಿಗೆ ಬಂದದ್ದು ಹೇಗೆ ಅಂತ ಯಾರೂ ಕೇಳಲಿಲ್ಲ. ಅದಕ್ಕೇ ಈ ಬರಹ.

'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ಫೈಲು ತೆರೆದವರಿಗೆ ಗೊತ್ತಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ರಾಶಿ. ಯಾಕೆಂದರೆ ಒಳಗೆ ಇರುವುದು ಕನ್ನಡದ ಅಕ್ಷರಗಳಲ್ಲ, ಕನ್ನಡದ ಚಿತ್ರದ ತುಣುಕುಗಳು. 'ಮ' ತೆಗೆದುಕೊಳ್ಳಿ. ನಾವು ಕೈಯಲ್ಲಿ ಬರೆಯುವಾಗ ಹೇಗೆ ವ ಬರೆದು ಪಕ್ಕದಲ್ಲಿ ಕೊಂಬು ಎಳೆಯುತ್ತೇವೋ, ಫೈಲಿನ ಒಳಗೂ ಹಾಗೇ ಇರುತ್ತದೆ: ವ, ಆಮೇಲೆ ಒಂದು ಕೊಂಬು. 'ವು' ಬೇಕಿದ್ದರೆ ಬೇರೆಯೇ ಒಂದು ಕೊಂಬು. ಒಂದಕ್ಕೆ ಇನ್ನೊಂದು ಓದಿಕೊಂಡರೆ 'ಮನೆ' ಹೋಗಿ 'ವುನೆ' ಆಗುತ್ತದೆ.

ಒತ್ತಕ್ಷರದ ಕಥೆ ಇನ್ನೂ ಗಟ್ಟಿ. 'ಅಕ್ಕಿ' ಅನ್ನುವುದು ಹಳೆಯ ಫೈಲಿನಲ್ಲಿ ಅ, ಕಿ, ಆಮೇಲೆ ಕ ಒತ್ತು ಎಂಬ ಸಾಲಿನಲ್ಲಿ ಇರುತ್ತದೆ. ಯೂನಿಕೋಡ್‌ನಲ್ಲಿ ಅ, ಕ, ವಿರಾಮ (ಕ ಅನ್ನು ಕ್ ಮಾಡುವ ಚಿಹ್ನೆ), ಕ, ಕೊನೆಗೆ ಗುಡಿಸು. ಅಂದರೆ ಗುಡಿಸನ್ನು ಕಿತ್ತು ಒತ್ತಿನ ಆಚೆಗೆ ಸಾಗಿಸಬೇಕು. ಅರ್ಕಾವತ್ತು ಇದಕ್ಕೆ ಉಲ್ಟಾ. 'ಸೂರ್ಯ'ದಲ್ಲಿ ಯ ಮೊದಲು, ಅರ್ಕಾವತ್ತು ಆಮೇಲೆ ಕೂತಿರುತ್ತದೆ. ಯೂನಿಕೋಡ್‌ಗೆ ರ ಮೊದಲು ಬೇಕು, ಹಾಗಾಗಿ ಅದನ್ನು ಹಿಂದಕ್ಕೆ ತರಬೇಕು. ಎರಡು ಒತ್ತಿನ 'ರಾಷ್ಟ್ರ', ಒತ್ತಿನ ಜೊತೆ ದೀರ್ಘವೂ ಇರುವ 'ಕ್ಷೇತ್ರ', ಇವಕ್ಕೆಲ್ಲ ಸಾಗಣೆಯ ಕ್ರಮ ಬೇರೆ ಬೇರೆ.

ಇದಕ್ಕೆ ಪರಿವರ್ತಕಗಳು ಮೊದಲೇ ಇದ್ದವು, ಅವುಗಳಿಂದಲೇ ನಾವೂ ಶುರು ಮಾಡಿದ್ದು. ಅವನ್ನು ಮುಕ್ತವಾಗಿ ಹಂಚಿದ ಎಲ್ಲರಿಗೂ ಇಲ್ಲೇ ನಮಸ್ಕಾರ ಹೇಳಿಬಿಡುತ್ತೇನೆ. ನಮ್ಮ ತೊಡಕು ಏನೆಂದರೆ, ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬೆರೆತಿದ್ದವು. ಒಳಗೆ ಎರಡೂ ಇಂಗ್ಲಿಷ್ ಅಕ್ಷರಗಳೇ ಅಲ್ವಾ? ಬರೀ ಪಠ್ಯ ನೋಡಿದರೆ ಯಾವುದು ಯಾವುದು ಅಂತ ಹೇಳುವ ಹಾಗಿಲ್ಲ. ನಮ್ಮ ಗೆಳತಿ ವರ್ಡ್ ಫೈಲಿನ ಹೊಟ್ಟೆಗೇ ಇಳಿದರು. ಅಲ್ಲಿ ಪ್ರತಿ ತುಣುಕಿಗೂ ಯಾವ ಫಾಂಟ್ ಅಂತ ಗುರುತು ಇರುತ್ತದೆ. ಆ ಗುರುತು ಓದಿ, ಕನ್ನಡ ಫಾಂಟಿನ ತುಣುಕನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಮುಟ್ಟದೆ ಬಿಡುವ ಹಾಗೆ ಮಾಡಿದರು. ಒಬ್ಬ ಲೇಖಕರು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದ ಗಿಡಗಳ ಲ್ಯಾಟಿನ್ ಹೆಸರುಗಳೆಲ್ಲ ಹಾಗೇ ಉಳಿದುಕೊಂಡವು. ಆ ಲೇಖಕರು ಈಗ ನಮ್ಮ ಜೊತೆ ಇಲ್ಲ. ಅವರ ಮಗಳು ಅದನ್ನು ನೋಡಿ ಫೋನ್ ಮಾಡಿ ಮಾತಾಡಿದ್ದನ್ನು ನಾನು ಮರೆಯಲಾರೆ.

ಮೆಚ್ಚಲು ಇನ್ನೊಂದು ಕಾರಣ ಇದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ನಮ್ಮಲ್ಲಿ ಕರಡು ತಿದ್ದುವವರು ಹೆಚ್ಚಿನವರು ನಿವೃತ್ತ ಮೇಷ್ಟ್ರುಗಳು, ಗೃಹಿಣಿಯರು, ಒಬ್ಬರು ಹಳೆಯ ಡಿಟಿಪಿ ಆಪರೇಟರ್. ಪ್ರೋಗ್ರಾಮಿಂಗ್ ಯಾರಿಗೂ ಗೊತ್ತಿಲ್ಲ. ಅವರು ತಪ್ಪು ಕಂಡರೆ ಪದವನ್ನು ಫೋಟೋ ತೆಗೆದು ಕಳಿಸುತ್ತಿದ್ದರು, 'ಇದು ಸರಿ ಇಲ್ಲ' ಅಂತ ಒಂದು ಸಾಲು ಅಷ್ಟೇ. ನಮ್ಮ ಗೆಳತಿ ಒಂದನ್ನೂ ತಳ್ಳಿಹಾಕಲಿಲ್ಲ. ಆ ಪದವನ್ನೇ ಒಂದು ಪರೀಕ್ಷೆಯಾಗಿ ಕೋಡಿನಲ್ಲಿ ಸೇರಿಸುತ್ತಿದ್ದರು. ಒಳಗೆ ಹೀಗಿದ್ದರೆ ಹೊರಗೆ ಹೀಗೆ ಬರಬೇಕು ಅಂತ ಮೊದಲು ಬರೆದಿಟ್ಟು, ಆಮೇಲೆ ದುರಸ್ತಿ. ಇನ್ನು ಮುಂದೆ ಯಾರೇ ಕೋಡ್ ಮುಟ್ಟಲಿ, ಆ ಪದ ಕೆಟ್ಟರೆ ತಕ್ಷಣ ಗೊತ್ತಾಗುತ್ತದೆ. ಆ ಪರೀಕ್ಷೆಗಳ ಫೈಲನ್ನು ಒಮ್ಮೆ ತೆರೆದು ನೋಡಿದೆ. ಉತ್ಕೃಷ್ಟ, ದಾರಿದ್ರ್ಯ, ಕರ್ತೃ, ಮೊಮ್ಮಗಳು, ವಯೋವೃದ್ಧ. ಪ್ರತಿ ಪದದ ಪಕ್ಕ ಅದನ್ನು ಕಳಿಸಿದವರ ಹೆಸರಿನ ಮೊದಲಕ್ಷರ. ನಮ್ಮ ಮೇಷ್ಟ್ರಿಗೆ ಅದನ್ನು ತೋರಿಸಿದಾಗ ಅವರಿಗೆ ಎಷ್ಟು ಖುಷಿ ಆಯಿತು ಗೊತ್ತಾ!

ಕಮಾಂಡ್ ಲೈನ್ ಟೂಲ್, ಅಂದರೆ ಆದೇಶ ಟೈಪ್ ಮಾಡಿ ನಡೆಸುವ ತಂತ್ರಾಂಶ ಅಂದಾಗ ನಮ್ಮ ಗುಂಪಿನಲ್ಲಿ ಹಲವರು ಹೆದರಿದ್ದು ನಿಜ. ಕಪ್ಪು ಪರದೆ, ಮಿನುಗುವ ಗೆರೆ, ಮೌಸ್ ಕೆಲಸಕ್ಕೆ ಬಾರದು. ಆದರೆ ಒಂದೊಂದೇ ಫೈಲು ತೆರೆದು, ನಕಲು ಮಾಡಿ, ಅಂಟಿಸಿ ಕೆಲಸ ಮುಗಿಯುವುದು ಯಾವಾಗ? ಒಂದು ಫೋಲ್ಡರಿನ ಹೆಸರು ಕೊಟ್ಟರೆ ಒಳಗಿರುವ ಎಲ್ಲ ಫೈಲುಗಳನ್ನೂ ತಾನೇ ನೋಡಿಕೊಳ್ಳುವ ಟೂಲ್ ನಮಗೆ ಬೇಕಿತ್ತು. ನಮ್ಮ ಗೆಳತಿ ಆದೇಶಗಳನ್ನು ಕೆಲವೇ ಕೆಲವಕ್ಕೆ ಇಳಿಸಿದರು. ಮೊದಲ ಸಲ ನಡೆಸಿದಾಗ ಅದು ಏನನ್ನೂ ಬದಲಿಸುವುದಿಲ್ಲ. ಏನು ಬದಲಾಗಲಿದೆ ಅಂತ ವರದಿ ಮಾತ್ರ ಕೊಡುತ್ತದೆ. ಮೂಲ ಫೈಲನ್ನು ಯಾವ ಕಾರಣಕ್ಕೂ ಮುಟ್ಟುವುದಿಲ್ಲ. ನಡುವೆ ಕರೆಂಟು ಹೋದರೆ ನಿಂತಲ್ಲಿಂದಲೇ ಮತ್ತೆ ಶುರು ಮಾಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಬೇರೆ ಹೇಳಬೇಕಾಗಿಲ್ಲ.

ವರದಿ ಕನ್ನಡದಲ್ಲಿ ಬೇಕು ಅಂತ ನಾವು ಹಟ ಹಿಡಿದೆವು. ಅಲ್ಲೊಂದು ಅಡ್ಡಿ ಇತ್ತು. ವಿಂಡೋಸ್‌ನ ಹಳೆಯ ಕಪ್ಪು ಪರದೆಗೆ ಕನ್ನಡದ ಒತ್ತು, ಗುಣಿತ ಕೂಡಿಸಲು ಬರುವುದಿಲ್ಲ. ಎಲ್ಲ ಬಿಡಿಬಿಡಿಯಾಗಿ, ಇಲ್ಲವೇ ಚೌಕವಾಗಿ ಕಾಣುತ್ತದೆ. ತಪ್ಪು ಪರಿವರ್ತನೆಯಲ್ಲಿದೆಯೋ ಪರದೆಯಲ್ಲಿದೆಯೋ ಅಂತಲೇ ತಿಳಿಯುವುದಿಲ್ಲ. ಅವರು ವರದಿಯನ್ನು ಒಂದು ವೆಬ್ ಪುಟವಾಗಿ ಬರೆದು ಬ್ರೌಸರಿನಲ್ಲಿ ತೆರೆಯುವ ಹಾಗೆ ಮಾಡಿದರು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ಅನುಮಾನದ ಪದಗಳಿಗೆ ಹಳದಿ ಬಣ್ಣ. ಅಂದಿನಿಂದ ಕಪ್ಪು ಪರದೆಯ ಹೆದರಿಕೆ ಹೋಯಿತು.

ಹುಡುಕಾಟದ ವಿಷಯಕ್ಕೆ ಬರುತ್ತೇನೆ. ಪುಟದ ಹಿಂಬದಿಯಲ್ಲಿ ಎಲ್ಲ ಪಠ್ಯವೂ ಎಸ್‌ಕ್ಯೂಲೈಟ್‌ನಲ್ಲಿದೆ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಡೇಟಾಬೇಸ್, ಅಂದರೆ ಮಾಹಿತಿ ಜೋಡಿಸಿಡುವ ತಂತ್ರಾಂಶ ಅದು. ಯಾರ ಹಕ್ಕೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟದ್ದು. ನಮ್ಮಂಥ ದುಡ್ಡಿಲ್ಲದ ಗುಂಪುಗಳು ಅದಕ್ಕೆ ಎಷ್ಟು ಋಣಿಯಾಗಿದ್ದರೂ ಕಡಿಮೆಯೇ. ಅದರ ಪಠ್ಯ ಹುಡುಕಾಟದ ಭಾಗ ಎಫ್‌ಟಿಎಸ್5, ಸುಮ್ನೆ ಇದ್ದ ಹಾಗೆ ಬಳಸಿದರೆ, ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಅಂತ ತಿಳಿಯುತ್ತದೆ. ನಮ್ಮ ದೀರ್ಘ, ಕೊಂಬು, ಗುಡಿಸು ಎಲ್ಲ ಅದರ ಕಣ್ಣಿಗೆ ಖಾಲಿ ಜಾಗದ ಹಾಗೆ. 'ಕಾಡು' ಅಂತ ಹುಡುಕಿದರೆ ಅದಕ್ಕೆ ಕಾಣುವುದು ಕ, ಡ ಎರಡೇ. ಹಾಗಾಗಿ ಕೂಡಿ, ಕೋಡು, ಕೇಡು ಎಲ್ಲ ಬಂದು ನಿಲ್ಲುತ್ತವೆ. ನಮ್ಮ ಗೆಳತಿ ಇದರ ಜಾಡು ಹಿಡಿದು ಹೋಗಿ, ಗುಣಿತದ ಚಿಹ್ನೆಗಳನ್ನೂ ಪದದೊಳಗೇ ಸೇರಿಸುವ ಒಂದು ಸಾಲಿನ ಸೆಟ್ಟಿಂಗ್ ಹುಡುಕಿ ತಂದರು. ಬದಲಾದದ್ದು ಒಂದು ಸಾಲು, ಹಿಂದಿದ್ದದ್ದು ಎಷ್ಟೋ ರಾತ್ರಿಯ ಓದು.

ಅಷ್ಟಕ್ಕೇ ನಿಲ್ಲಿಸಲಿಲ್ಲ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಹುಡುಕುವವರು ಅದನ್ನು ಹಾಕುತ್ತಾರೆ ಅಂತ ಏನು ಗ್ಯಾರಂಟಿ? ಹಾಗೇ 'ಓ'ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಣುಕು ಜೋಡಿಸಿಯೂ ಬರೆಯಬಹುದು. ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ. ಓದುವ ಪಠ್ಯದಲ್ಲಿ ಬೇಕಾದ ಗುರುತು ಉಳಿಸಿ, ಹುಡುಕುವ ಪಟ್ಟಿಯಲ್ಲಿ ಮಾತ್ರ ಎಲ್ಲವನ್ನೂ ಒಂದು ರೂಪಕ್ಕೆ ತಂದರು. ವಿಭಕ್ತಿಗೂ ದಾರಿ ಮಾಡಿದರು. 'ಕಾಡ' ಅಂತ ಶುರುವಾಗುವುದನ್ನೆಲ್ಲ ಕೊಡು ಅಂದರೆ ಕಾಡಿನಲ್ಲಿ, ಕಾಡಿಂದ ಎರಡೂ ಸಿಗುತ್ತವೆ. ಕಣ್ಣಿಗೆ ಹಚ್ಚುವ ಕಾಡಿಗೆಯೂ ಜೊತೆಗೆ ಬರುತ್ತದೆ, ಅದು ಬಂದರೆ ಬರಲಿ.

ಅವರ ಜೊತೆ ನಿಂತವರನ್ನೂ ನೆನೆಯಬೇಕು. ಡಿಟಿಪಿ ಅಣ್ಣ ತಮ್ಮ ಹಳೆಯ ಕಂಪ್ಯೂಟರನ್ನು ಇಂದಿಗೂ ಕೆಡದಂತೆ ಕಾಪಾಡಿಕೊಂಡಿದ್ದಾರೆ. ಪರದೆಯ ಮೇಲಿನ ತಪ್ಪು ನೋಡಿದ ಕೂಡಲೇ ಯಾವ ಕೀ ಒತ್ತಿದಾಗ ಅದು ಬರುತ್ತಿತ್ತು ಅಂತ ಬೆರಳಲ್ಲೇ ತೋರಿಸುತ್ತಿದ್ದರು. ಅವರ ನೆನಪಿಲ್ಲದಿದ್ದರೆ ಸಂಕೇತಗಳ ಅರ್ಧ ಪಟ್ಟಿ ಹಾಗೇ ಉಳಿಯುತ್ತಿತ್ತು. ಕರಡು ತಿದ್ದಿದ ಅಕ್ಕಂದಿರು ಮನೆಗೆಲಸ ಮುಗಿಸಿ ಮಧ್ಯಾಹ್ನದ ಹೊತ್ತಿನಲ್ಲಿ ಪುಟ ನೋಡಿಕೊಟ್ಟರು. ಗೆಳತಿಯ ಮನೆಯವರು ಭಾನುವಾರಗಳನ್ನು ನಮಗೆ ಬಿಟ್ಟುಕೊಟ್ಟರು. ಅವರ ಹತ್ತಿರ ನಾನು ಖುದ್ದಾಗಿ ಬಂದು ಹೇಳುತ್ತೇನೆ.

ಕನ್ನಡದ ಕೀಲಿಮಣೆ ರೂಪಿಸಿದ ಕೆ. ಪಿ. ರಾವ್ ಅವರಿಗೆ, ನುಡಿ ಕೊಟ್ಟ ಕನ್ನಡ ಗಣಕ ಪರಿಷತ್ತಿಗೆ, ಬರಹ ಮಾಡಿದ ಶೇಷಾದ್ರಿವಾಸು ಅವರಿಗೆ ಕೂಡ ನಮಸ್ಕಾರ. ಇಂದು ನಾವು ಆ ಫೈಲುಗಳನ್ನು ಬದಲಿಸಲು ಕಷ್ಟಪಟ್ಟೆವು ನಿಜ. ಆದರೆ ಅಂದು ಆ ತಂತ್ರಾಂಶಗಳು ಇಲ್ಲದಿದ್ದರೆ ಈ ಬರಹಗಳು ಫೈಲಿಗೇ ಬರುತ್ತಿರಲಿಲ್ಲ.

ಗೆಳತಿ, ಈಗ ಕೆಲವು ತಿಂಗಳು ಬಿಡುವು ಬೇಕು ಅಂದಿದ್ದೀರಿ. ಖಂಡಿತ ತೆಗೆದುಕೊಳ್ಳಿ. ಹೋಗುವ ಮೊದಲು ನೀವು ಕನ್ನಡದಲ್ಲೇ ಬರೆದುಕೊಟ್ಟ ಕೈಪಿಡಿ ನೋಡಿಕೊಂಡು ನಮ್ಮ ಮೇಷ್ಟ್ರು ಮೊನ್ನೆ ಒಂದು ಫೋಲ್ಡರ್ ಪೂರ್ತಿ ತಾವೇ ನಡೆಸಿದರು, ಯಾರನ್ನೂ ಕೇಳದೆ. ಇಬ್ಬರು ಇಂಜಿನಿಯರಿಂಗ್ ಹುಡುಗರು ಕೋಡ್ ಓದಲು ಶುರು ಮಾಡಿದ್ದಾರೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫೈಲುಗಳ ಸಂಕೇತ ಬೇರೆಯೇ ಇದೆ. ಅದರ ಪಟ್ಟಿ ಮಾಡುವ ಕೆಲಸ ಡಿಟಿಪಿ ಅಣ್ಣನ ಜೊತೆ ಕೂತು ಆ ಹುಡುಗರು ಮಾಡುತ್ತಾರೆ. ನೀವು ವಾಪಸ್ ಬಂದಾಗ ನೋಡಿ, ಪರೀಕ್ಷೆಗಳ ಫೈಲು ಇನ್ನೂ ಉದ್ದ ಆಗಿರುತ್ತದೆ. ತುಂಬಾ ಥ್ಯಾಂಕ್ಸ್.